ಸರ್ವೀಸ್ ಯಾರ ಹೆಸರಲ್ಲಿ ಓಡುತ್ತಿದೆ?

ನಮಸ್ಕಾರ. ಪುಣೆಯ ವಾಕಡ್‌ನಿಂದ ಮಾತಾಡುತ್ತಿದ್ದೇನೆ. ಕೆಲಸ ಹಿಂಜವಡಿಯಲ್ಲಿ, ಮನೆ ಹುಬ್ಬಳ್ಳಿಯಲ್ಲಿ. ತಿಂಗಳಿಗೊಮ್ಮೆ ಶನಿವಾರ ರಾತ್ರಿ ಸ್ವಾರ್‌ಗೇಟ್‌ನಲ್ಲಿ ಬಸ್ ಹಿಡಿಯುತ್ತೇನೆ. ಅವತ್ತೂ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಫೋನ್ ಬಂತು. ನಮ್ಮ ಟೀಮಿನ ಹುಡುಗ, ವಿಜಯಪುರದವನು.

"ಅಣ್ಣಾ, ಪ್ಯಾಚ್ ಹಾಕಿ ಸರ್ವರ್ ರೀಬೂಟ್ ಮಾಡಿದೆ. ಟಾಮ್‌ಕ್ಯಾಟ್ ಏಳ್ತಾನೇ ಇಲ್ಲ."

"ಏನಂತ ಬರ್ತಿದೆ?"

"217 ಅಂತ. ಪಕ್ಕದಲ್ಲಿ ಯೂಸರ್ ಅಂತಿದೆ."

ಟಾಮ್‌ಕ್ಯಾಟ್ ಅಂದರೆ ಜಾವಾ ವೆಬ್ ಆಪ್‌ಗಳನ್ನು ಓಡಿಸುವ ಸರ್ವರ್. ಲಿನಕ್ಸ್‌ನಲ್ಲಿ ಇಂಥ ಸರ್ವೀಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವುದು ಸಿಸ್ಟಮ್‌ಡಿ. ಅದರ ಜೊತೆ ಏಗಿದವರಿಗೆ ಈ 217 ಗೊತ್ತಿರುತ್ತದೆ. ಸರ್ವೀಸ್ ಫೈಲಿನಲ್ಲಿ ಬರೆದ ಯೂಸರ್ ಆ ಸರ್ವರಿನಲ್ಲಿ ಸಿಗುತ್ತಿಲ್ಲ ಅಂತ ಅರ್ಥ. ಫೈಲ್ ತೆಗೆಸಿ ಓದಿಸಿದೆ. ಯೂಸರ್ ಅನ್ನೋ ಸಾಲಿನಲ್ಲಿ ಒಬ್ಬ ಮನುಷ್ಯನ ಹೆಸರು. ನಮ್ಮ ಸೀನಿಯರ್ ಒಬ್ಬರದು. ಅವರು ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಬಿಟ್ಟ ವಾರವೇ ಅವರ ಅಕೌಂಟ್ ತೆಗೆದಿದ್ದರು. ತೆಗೆದಿದ್ದು ಸರಿಯೇ.

ಹಾಗಾದರೆ ಎಂಟು ತಿಂಗಳು ಓಡಿದ್ದು ಹೇಗೆ? ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೆಸರು ಬೇಕಿಲ್ಲ, ಅದಕ್ಕೆ ಗೊತ್ತಿರುವುದು ಯೂಸರ್‌ಗೆ ಕೊಟ್ಟ ಯೂಐಡಿ ನಂಬರ್ ಮಾತ್ರ. ಒಮ್ಮೆ ಎದ್ದ ಪ್ರೊಸೆಸ್ ಆ ನಂಬರಿನ ಮೇಲೆ ಓಡುತ್ತಲೇ ಇರುತ್ತದೆ. ಹೆಸರನ್ನು ಹುಡುಕುವುದು ಮತ್ತೆ ಎಬ್ಬಿಸುವಾಗ. ಫೈಲ್‌ಗಳ ಪಟ್ಟಿ ನೋಡಿದರೆ ಮಾಲೀಕನ ಹೆಸರಿನ ಜಾಗದಲ್ಲಿ ಬರೀ 1043 ಅಂತಿತ್ತು. ನಾಳೆ ಹೊಸದಾಗಿ ಸೇರಿದ ಯಾರಿಗಾದರೂ ಅದೇ 1043 ಸಿಕ್ಕರೆ ಆ ಫೈಲ್‌ಗಳೆಲ್ಲ ಅವರದ್ದೇ. ಕೇಳದೆ ಬಂದ ಆಸ್ತಿ.

"ಸದ್ಯಕ್ಕೆ ರೂಟ್‌ನಲ್ಲಿ ಎಬ್ಬಿಸಲಾ ಅಣ್ಣಾ?"

ರೂಟ್ ಅಂದರೆ ಆ ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಯೂಸರ್. ಬಸ್ಸಿಗೆ ಹತ್ತು ನಿಮಿಷ ಇತ್ತು. ಕಂಡಕ್ಟರ್ ಕೂಗುತ್ತಿದ್ದ. "ಎಬ್ಬಿಸು" ಅಂದುಬಿಟ್ಟೆ.

ಅದು ನನ್ನ ತಪ್ಪು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು. ಟಾಮ್‌ಕ್ಯಾಟ್, ಅದರಂಥವೇ ಆದ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಆಪ್‌ಗಳ ನಡುವೆ ಸಂದೇಶ ಸಾಗಿಸುವ ಎಂಕ್ಯೂ, ಇವನ್ನು ಹಾಕುವಾಗ ಹೀಪ್, ಅಂದರೆ ಜಾವಾಗೆ ಕೊಡುವ ಮೆಮೊರಿ, ಎಷ್ಟಿರಬೇಕು ಅಂತ ಎರಡು ಮೀಟಿಂಗ್ ಮಾಡುತ್ತೇವೆ. ಯಾವ ಯೂಸರ್‌ನಲ್ಲಿ ಓಡಬೇಕು ಅಂತ ಎರಡು ನಿಮಿಷ ಯೋಚಿಸುವುದಿಲ್ಲ. ಅವತ್ತು ಯಾರು ಲಾಗಿನ್ ಆಗಿದ್ದರೋ ಅವರ ಹೆಸರಲ್ಲೇ ಕೂತುಬಿಡುತ್ತದೆ.

ರೂಟ್ ಯಾಕೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಗೊತ್ತಾ? ಪೋರ್ಟ್, ಅಂದರೆ ಸರ್ವೀಸ್ ಹೊರಗಿನವರ ಜೊತೆ ಮಾತಾಡುವ ನಂಬರಿನ ಬಾಗಿಲು, ಇದಕ್ಕೆ ಹಳೇ ನೆಪ. ಯೂನಿಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ಮಾಮೂಲಾಗಿ ರೂಟ್ ಹಕ್ಕು ಬೇಕು. ವೆಬ್‌ಗೆ ಬಳಸುವ 80, 443 ಎರಡೂ ಅದರೊಳಗೇ ಬರುತ್ತವೆ. ಹಿಂದೆ ಅದಕ್ಕೊಂದು ಅರ್ಥವಿತ್ತು. ಕೆಳಗಿನ ಪೋರ್ಟ್‌ನಿಂದ ಮಾತಾಡುತ್ತಿದೆ ಅಂದರೆ ಆ ಯಂತ್ರದ ಜವಾಬ್ದಾರಿ ಹೊತ್ತವರೇ ಎಬ್ಬಿಸಿದ್ದು ಅಂತ ನಂಬುತ್ತಿದ್ದರು. ಈಗ ಆ ನಂಬಿಕೆಗೆ ಬೆಲೆ ಇಲ್ಲ, ಆದರೆ ನಿಯಮ ಉಳಿದುಕೊಂಡಿದೆ. ಅಪಾಚೆ ಅನ್ನೋ ವೆಬ್ ಸರ್ವರ್ ಇದಕ್ಕೆ ಮೊದಲೇ ದಾರಿ ಕಂಡುಕೊಂಡಿತ್ತು. ಮುಖ್ಯ ಪ್ರೊಸೆಸ್ ರೂಟ್ ಆಗಿ ಎದ್ದು ಪೋರ್ಟ್ ಹಿಡಿಯುತ್ತದೆ, ಜನರ ಜೊತೆ ಮಾತಾಡುವ ಮಕ್ಕಳ ಪ್ರೊಸೆಸ್‌ಗಳನ್ನು ಹೆಚ್ಚು ಹಕ್ಕಿಲ್ಲದ ಬಡ ಯೂಸರ್‌ಗೆ ಇಳಿಸುತ್ತದೆ. ಜಾವಾ ಸರ್ವರ್‌ಗೆ ಇಷ್ಟೂ ಬೇಡ. ಅದು 8080ರಲ್ಲಿ ಇರಲಿ, ಅದರ ಮುಂದೆ 80, 443 ಹಿಡಿಯಲು ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಇಡಿ. ಇಲ್ಲವೇ ಆ ಪೋರ್ಟ್ ಹಿಡಿಯುವ ಹಕ್ಕು ಒಂದನ್ನೇ ಸಿಸ್ಟಮ್‌ಡಿಯಿಂದ ಕೊಡಿಸಿ. ಫೈಲಿಗೇ ಇಂಥ ಹಕ್ಕು ಅಂಟಿಸುವ ಸೆಟ್‌ಕ್ಯಾಪ್ ಕಮಾಂಡನ್ನು ನೇರ ಜಾವಾ ಬೈನರಿ, ಅಂದರೆ ಅದರ ಪ್ರೋಗ್ರಾಮ್ ಫೈಲ್, ಮೇಲೆ ಹಾಕಲು ಹೋಗಬೇಡಿ. ಲೈಬ್ರರಿ ಸಿಗುತ್ತಿಲ್ಲ ಅಂತ ಜಾವಾನೇ ಮುನಿಸಿಕೊಳ್ಳುತ್ತದೆ. ನಾನು ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಕಳೆದಿದ್ದೇನೆ.

2021ರ ಡಿಸೆಂಬರ್ ನೆನಪಿದೆಯಾ? ಜಾವಾದ ಲಾಗ್ ಬರೆಯುವ ಲೈಬ್ರರಿ ಲಾಗ್4ಜೆಯಲ್ಲಿ ಲಾಗ್4ಶೆಲ್ ಅನ್ನೋ ತೂತು ಬಯಲಾದ ತಿಂಗಳು. ಲಾಗಿಗೆ ಹೋಗುವ ಒಂದು ಸಾಲು ಕಳಿಸಿ, ಹೊರಗಿನವನು ತನ್ನ ಕೋಡ್ ಅನ್ನು ನಿಮ್ಮ ಜಾವಾ ಒಳಗೆ ಓಡಿಸಬಹುದಿತ್ತು. ಆ ಕೋಡ್ ಯಾರ ಹೆಸರಲ್ಲಿ ಓಡುತ್ತದೆ? ಜಾವಾ ಯಾರ ಹೆಸರಲ್ಲಿದೆಯೋ ಅವರದ್ದೇ. ಟಾಮ್‌ಕ್ಯಾಟ್ ಯೂಸರ್ ಆಗಿದ್ದರೆ ಒಂದು ಕೋಣೆ ಹೋಯಿತು. ರೂಟ್ ಆಗಿದ್ದರೆ ಮನೆಯೇ ಹೋಯಿತು. ಆ ವಾರ ನಾವು ಪ್ಯಾಚ್ ಹುಡುಕುವ ಮೊದಲು ಪ್ರತಿ ಸರ್ವರಿನಲ್ಲೂ ನೋಡಿದ್ದು ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಪಿಎಸ್ ಕಮಾಂಡಿನ ಮೊದಲ ಕಾಲಮ್, ಅಂದರೆ ಯೂಸರ್ ಹೆಸರು. ಕೆಲವು ಕಡೆ ಅಲ್ಲಿ ಕಂಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ.

ರೂಟ್ ಬೇಡ ಅಂದಾಗ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಎಲ್ಲ ಸರ್ವೀಸಿಗೂ ಸೇರಿ ಒಂದೇ ಆಪ್‌ಯೂಸರ್. ಟಾಮ್‌ಕ್ಯಾಟ್, ಸಂದೇಶ ಸಾಗಿಸುವ ಕಾಫ್ಕಾ, ಬ್ಯಾಚ್ ಜಾಬ್, ಎಲ್ಲ ಒಂದೇ ಚಾಪೆ ಮೇಲೆ. ನೋಡಲು ಅಚ್ಚುಕಟ್ಟು. ಆದರೆ ಒಂದೇ ಯೂಸರ್ ಅಂದರೆ ಒಂದು ಇನ್ನೊಂದನ್ನು ಕಿಲ್ ಮಾಡಬಹುದು. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಓದಬಹುದು. ಇನ್ನೂ ಒಂದು ತಮಾಷೆ ಇದೆ. ಲಿನಕ್ಸ್‌ನಲ್ಲಿ ಎಷ್ಟು ಪ್ರೊಸೆಸ್ ಇರಬಹುದು ಅಂತ ಹೇಳುವ ಎನ್‌ಪ್ರೊಕ್ ಅನ್ನೋ ಮಿತಿಯ ಲೆಕ್ಕ ಯೂಸರ್ ಪ್ರಕಾರ ನಡೆಯುತ್ತದೆ, ಪ್ರೊಸೆಸ್ ಒಳಗಿನ ಕೆಲಸದ ಎಳೆಗಳಾದ ಥ್ರೆಡ್‌ಗಳೂ ಅದರಲ್ಲೇ ಸೇರುತ್ತವೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಮಾಮೂಲಿ ಯೂಸರ್‌ಗೆ ಇದು ಬರೀ 1024 ಇತ್ತು. ಒಂದು ಬ್ಯಾಚ್ ಜಾಬ್ ಥ್ರೆಡ್ ಸೋರಿಸಿಕೊಂಡು ಕೂತಿದೆ. ಪಕ್ಕದ ಟಾಮ್‌ಕ್ಯಾಟ್ 'ಔಟ್ ಆಫ್ ಮೆಮೊರಿ, ಹೊಸ ಥ್ರೆಡ್ ಮಾಡಲಾಗದು' ಅಂತ ಅಳುತ್ತದೆ. ಮೆಮೊರಿ ನೋಡಿದರೆ ಅರ್ಧಕ್ಕರ್ಧ ಖಾಲಿ. ನಾವು ಹೀಪ್ ಏರಿಸುತ್ತೇವೆ. ಅದರಿಂದ ಏನೂ ಆಗುವುದಿಲ್ಲ. ತಪ್ಪು ಯಾರದ್ದೋ, ಹೊಡೆತ ಯಾರಿಗೋ.

ನೋಬಡಿ ಅನ್ನೋ ಯೂಸರ್ ಇದೆಯಲ್ಲ, ಅದನ್ನು ಬಳಸಿದರೆ ಆಗದಾ? ಬೇಡ. ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್‌ನವರು ಅದನ್ನು ಇಟ್ಟುಕೊಂಡಿರುವುದು ಬೇರೆ ಕೆಲಸಕ್ಕೆ. ಹತ್ತು ಸರ್ವೀಸ್ ನೋಬಡಿ ಆದರೆ ಮತ್ತೆ ಅದೇ ಒಂದೇ ಚಾಪೆಯ ಕಥೆ.

ಎಂಕ್ಯೂ ಬಗ್ಗೆ ಒಂದೇ ಮಾತು. ಆಪ್ ಯೂಸರ್‌ಗೆ ಸಂದೇಶಗಳ ಕ್ಯೂ ತೆರೆಯಲು ಆಗುತ್ತಿಲ್ಲ ಅಂತ ಅವನನ್ನು ಎಂಕ್ಯೂಎಂ ಗುಂಪಿಗೆ ಸೇರಿಸಬೇಡಿ. ಆ ಗುಂಪಿಗೆ ಸೇರಿದವನು ಎಂಕ್ಯೂಗೆ ಪೂರ್ತಿ ಅಡ್ಮಿನ್. ಬೇಕಾದ ಕ್ಯೂಗೆ ಬೇಕಾದಷ್ಟು ಹಕ್ಕು ಕೊಡಿ, ಸಾಕು.

ಈಗ ನನ್ನ ತಪ್ಪಿಗೆ ಬರೋಣ. ಸೋಮವಾರ ವಾಪಸ್ ಬಂದೆ. ಟಾಮ್‌ಕ್ಯಾಟ್ ಅನ್ನೋ ಹೊಸ ಯೂಸರ್ ಮಾಡಿಸಿದೆ. ಲಾಗಿನ್ ಆಗಲು ಅದಕ್ಕೆ ಶೆಲ್ ಇಲ್ಲ, ಪಾಸ್‌ವರ್ಡ್ ಇಲ್ಲ. ಎಬ್ಬಿಸಿದರೆ ಪರ್ಮಿಷನ್ ಡಿನೈಡ್. ಎರಡು ದಿನ ರೂಟ್ ಆಗಿ ಓಡಿತ್ತಲ್ಲ, ಲಾಗ್, ಟೆಂಪ್, ವರ್ಕ್ ಅನ್ನೋ ಫೋಲ್ಡರ್ ಎಲ್ಲದರೊಳಗೂ ರೂಟ್‌ನ ಫೈಲ್ ತುಂಬಿದ್ದವು. ಒಂದು ರಾತ್ರಿಗೆ ಅಂತ ಕರೆದ ನೆಂಟ ಪಾತ್ರೆಗಳ ಮೇಲೆಲ್ಲ ತನ್ನ ಹೆಸರು ಕೆತ್ತಿಸಿ ಹೋದ ಹಾಗೆ. ಸಿಟ್ಟಿನಲ್ಲಿ ಇಡೀ ಟಾಮ್‌ಕ್ಯಾಟ್ ಫೋಲ್ಡರಿಗೆ ಮಾಲೀಕನನ್ನು ಬದಲಿಸುವ ಚೌನ್ ಕಮಾಂಡ್ ಹೊಡೆದು ಎಲ್ಲವನ್ನೂ ಹೊಸ ಯೂಸರ್‌ಗೆ ಬರೆದುಕೊಟ್ಟೆ. ಎದ್ದಿತು. ಚಹಾ ಕುಡಿಯಲು ಹೋದೆ.

ಮೂರು ವಾರ ಆದ ಮೇಲೆ ಅದೇ ಹುಡುಗ ಕೇಳಿದ. "ಅಣ್ಣಾ, ಟಾಮ್‌ಕ್ಯಾಟ್ ತನ್ನ ಕಾನ್ಫಿಗ್ ತಾನೇ ಯಾಕೆ ಬದಲಾಯಿಸಬೇಕು? ವೆಬ್‌ಆಪ್ಸ್‌ಗೆ ಯಾಕೆ ಬರೀಬೇಕು?"

ನನ್ನ ಬಳಿ ಉತ್ತರ ಇರಲಿಲ್ಲ. ವೆಬ್‌ಆಪ್ಸ್ ಅಂದರೆ ಆಪ್‌ಗಳನ್ನು ಇಡುವ ಫೋಲ್ಡರ್. ಅಲ್ಲಿಟ್ಟಿದ್ದನ್ನು ಎಬ್ಬಿಸುವ ಆಟೊ ಡಿಪ್ಲಾಯ್ ಟಾಮ್‌ಕ್ಯಾಟ್‌ನಲ್ಲಿ ತಾನಾಗಿಯೇ ಆನ್ ಇರುತ್ತದೆ. ಒಳಗೆ ನುಗ್ಗಿದವನು ವೆಬ್‌ಆಪ್ಸ್‌ನಲ್ಲಿ ಒಂದು ಫೈಲ್ ಇಟ್ಟರೆ ಟಾಮ್‌ಕ್ಯಾಟೇ ಅದನ್ನು ಓಡಿಸಿಕೊಡುತ್ತದೆ. ಊರಿನ ನಮ್ಮವರು ಇಲ್ಲಿ ನಡೆಸುವ ಉಡುಪಿ ಹೋಟೆಲ್‌ಗಳಲ್ಲಿ ನೋಡಿ. ದೋಸೆ ಹುಯ್ಯುವವರು ಬೇರೆ, ಸಪ್ಲೈಯರ್ ಬೇರೆ, ಗಲ್ಲಾದಲ್ಲಿ ಕೂರುವವರು ಬೇರೆ. ಸಪ್ಲೈಯರ್ ಮೇಲೆ ಅನುಮಾನ ಅಂತಲ್ಲ. ಗಿರಾಕಿ ಜೊತೆ ದಿನವಿಡೀ ಒಡನಾಡುವವನ ಕೈಗೆ ಗಲ್ಲಾ ಕೊಡುವುದಿಲ್ಲ, ಅಷ್ಟೇ.

ಹಾಗಾಗಿ ನನ್ನ ಪ್ರಕಾರ ಒಂದು ಸರ್ವೀಸಿಗೆ ಬೇಕಾಗಿರುವುದು ಒಬ್ಬ ಯೂಸರ್ ಅಲ್ಲ, ಇಬ್ಬರು. ಬೈನರಿ ಮತ್ತು ಕಾನ್ಫಿಗ್‌ಗೆ ಮಾಲೀಕ ಒಬ್ಬ, ಅದು ರೂಟ್ ಆದರೂ ಸರಿ. ಓಡಿಸುವವನು ಇನ್ನೊಬ್ಬ, ಅವನಿಗೆ ಅವುಗಳನ್ನು ಓದಲು ಮಾತ್ರ ಹಕ್ಕು. ಬರೆಯಲು ಲಾಗ್, ಟೆಂಪ್, ವರ್ಕ್, ಮೂರೇ ಜಾಗ. ಟಾಮ್‌ಕ್ಯಾಟ್ ಮಾಡಿದವರೂ ಹೀಗೇ ಇಡಿ ಅನ್ನುತ್ತಾರೆ. ಕಿರಿಕಿರಿ ಇಲ್ಲ ಅಂತ ಹೇಳಲಾರೆ. ಆಟೊ ಡಿಪ್ಲಾಯ್ ಆಫ್ ಮಾಡಬೇಕು, ಆಪ್ ಕಟ್ಟಿ ಕೊಡುವ ವಾರ್ (WAR) ಫೈಲನ್ನು ಮೊದಲೇ ಬಿಚ್ಚಿ ಇಡಬೇಕು. ಡೆವಲಪರ್‌ಗಳು ನಿಮ್ಮನ್ನು ಬೈಯುತ್ತಾರೆ. ನನ್ನನ್ನಂತೂ ಬೈದರು.

ಮತ್ತೆ ಓಡಿಸುವ ಯೂಸರ್ ಆಗಿ ಯಾರೂ ನೇರ ಲಾಗಿನ್ ಆಗಬಾರದು. ನಿಮ್ಮ ಹೆಸರಲ್ಲಿ ಒಳಗೆ ಬನ್ನಿ, ಸುಡೊ ಕಮಾಂಡ್ ಬಳಸಿ ಆ ಯೂಸರ್ ಆಗಿ ಕೆಲಸ ಮಾಡಿ. ಯಾರು ಯಾವಾಗ ಏನು ಮಾಡಿದರು ಅಂತ ಲಾಗಿನಲ್ಲಿ ಉಳಿಯುತ್ತದೆ. ಪಾಸ್‌ವರ್ಡ್ ಹಂಚಿಕೊಂಡರೆ ಆಡಿಟ್ ದಿನ ಎಲ್ಲರೂ ಟಾಮ್‌ಕ್ಯಾಟ್ ಕಡೆ ಬೆರಳು ತೋರಿಸುತ್ತಾರೆ. ಪಾಪ, ಅದಕ್ಕೆ ಬಾಯಿಲ್ಲ.

ನಮ್ಮ ಫ್ಲೋರಿನಲ್ಲಿ ರೂಟ್‌ನಲ್ಲಿ ಓಡುವ ಸರ್ವರ್ ಇನ್ನೂ ಒಂದು ಉಳಿದಿದೆ. ಮುಟ್ಟಲು ಯಾರಿಗೂ ಧೈರ್ಯ ಇಲ್ಲ, ಹಾಕಿದವರು ಯಾರೂ ಈಗ ಇಲ್ಲ. ಮುಂದಿನ ಶನಿವಾರ ಅದರ ಸರದಿ. ಹುಡುಗ ಫೈಲ್‌ಗಳ ಪಟ್ಟಿ ಮಾಡಿಟ್ಟಿದ್ದಾನೆ. ಊರಿನ ಬಸ್ ಟಿಕೆಟ್ ಈ ಸಲ ಭಾನುವಾರಕ್ಕೆ ಮಾಡಿಸಿದ್ದೇನೆ.