ಹಳೇ ಕ್ರ್ಯಾಂಕ್, ಹೊಸ ಪುಲ್ಲರ್

ಎಲ್ಲರಿಗೂ ನಮಸ್ಕಾರ. ಹಳೇ ಸೈಕಲ್ಲಿನ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು, ತುದಿಗೆ ಕಿರಿದಾಗುವ ಚೌಕ ಆಕ್ಸೆಲ್ ಮೇಲೆ ಕೂತರೆ ಅದು ಸ್ಕ್ವೇರ್ ಟೇಪರ್, ಅಡ್ಡ ಹಾಕಿದ ಬೆಣೆಯಿಂದ ನಿಂತರೆ ಆ ಬೆಣೆ ಕಾಟರ್ ಪಿನ್ ಎಂದು ಈ ಸಭೆಗೆ ಹೇಳಿಕೊಡಬೇಕಾಗಿಲ್ಲ. ಪೀಠಿಕೆ ಬಿಟ್ಟು ನೇರವಾಗಿ ಜಗಳಕ್ಕೇ ಬರುತ್ತೇನೆ.

ನನ್ನ ಜಗಳ ಆ ಟೂಲ್ ಕಿಟ್ ಪೆಟ್ಟಿಗೆಯ ಜೊತೆ. ಆನ್‌ಲೈನಿನಲ್ಲಿ ತರಿಸುತ್ತೀರಲ್ಲ, ಅದೇ. ಅದರಲ್ಲೊಂದು ಕ್ರ್ಯಾಂಕ್ ಪುಲ್ಲರ್ ಇರುತ್ತದೆ, ಕ್ರ್ಯಾಂಕಿನ ತೂತಿನ ಥ್ರೆಡ್ಡಿಗೆ ತಿರುಗಿಸಿ, ನಡುವಿನ ಬೋಲ್ಟಿನಿಂದ ಆಕ್ಸೆಲನ್ನು ಒತ್ತಿ ಕ್ರ್ಯಾಂಕನ್ನು ಎಳೆದು ತೆಗೆಯುವ ಸಾಧನ: 22 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ (ಎಳೆಯಿಂದ ಎಳೆಗಿರುವ ಅಂತರ). ಇವತ್ತಿನ ಸ್ಕ್ವೇರ್ ಟೇಪರ್ ಕ್ರ್ಯಾಂಕಿಗೆಲ್ಲ ಅದು ಸರಿಯೇ. ಕ್ಯಾಂಪನ್ಯೋಲೊ ರೆಕಾರ್ಡ್‌ಗೂ ಸರಿ, ಹಳೆಯ ಸುಗಿನೊಗೂ ಸರಿ. ಆದರೆ ಫ್ರಾನ್ಸಿನ ಕ್ರ್ಯಾಂಕ್ ಕೈಗೆ ಬಂದರೆ ಲೆಕ್ಕ ಬದಲಾಗುತ್ತದೆ. ಕಾಟರ್ ಇಲ್ಲದ ಅಲ್ಯೂಮಿನಿಯಂ ಕ್ರ್ಯಾಂಕನ್ನು 1933ರಲ್ಲೇ ಮಾರುಕಟ್ಟೆಗೆ ತಂದವರು ಸ್ಟ್ರಾಂಗ್‌ಲೈಟ್‌ನವರು. ಮೊದಲು ಬಂದವರು, ಅಳತೆಯನ್ನು ಯಾರನ್ನು ಕೇಳಿ ಇಡಬೇಕಿತ್ತು? ಅವರ ಪುಲ್ಲರ್ ಥ್ರೆಡ್ 23.35. 1982ರ ಸುಮಾರಿಗೆ 22ಕ್ಕೆ ಬಂದರು. ಫ್ರಾನ್ಸಿನದೇ ಇನ್ನೊಂದು ಕಂಪನಿ ಟಿ.ಎ.ಯವರದು 23.

ಈಗ ಒಂದು ಕ್ರ್ಯಾಂಕ್ ಸಾಯುವ ಕಥೆ ಹೇಳುತ್ತೇನೆ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಾಗಾಗಿ ಯಾರೂ ತಲೆ ತಗ್ಗಿಸಬೇಡಿ. ಮನೆಗೆ ಟಿ.ಎ. ಸೈಕ್ಲೋಟೂರಿಸ್ಟ್ ಕ್ರ್ಯಾಂಕ್ ಬಂದಿದೆ. ಯಜಮಾನರು ಎಚ್ಚರದವರು, ವರ್ನಿಯರ್ ಕ್ಯಾಲಿಪರ್ ತಂದಿದ್ದಾರೆ. ತೂತಿನೊಳಗೆ ಇಟ್ಟು ನೋಡುತ್ತಾರೆ: 21.9. "ಇಪ್ಪತ್ತೆರಡೇ ಕಣೋ! ಟಿ.ಎ. ಬೇರೆ ಅಂತ ಸುಮ್ಮನೆ ಹೆದರಿಸ್ತಾರೆ." ಕಿಟ್ಟಿನ ಪುಲ್ಲರ್ ತೆಗೆದು ಇಟ್ಟರೆ ಎಷ್ಟು ಸಲೀಸಾಗಿ ಒಳಗೆ ಹೋಗುತ್ತದೆ! ತಿರುಗಿಸಲೂ ಬೇಕಿಲ್ಲ. ಸ್ವಲ್ಪ ಅಲುಗಾಡುತ್ತದೆ, ಹಳೇದಲ್ಲವೇ, ಸವೆದಿರಬೇಕು ಅಂದುಕೊಳ್ಳುತ್ತಾರೆ. ಓರೆ ಮಾಡಿ ಒತ್ತಿ ತಿರುಗಿಸಿದಾಗ ಎಲ್ಲೋ ಒಂದು ಎಳೆ ಕಚ್ಚುತ್ತದೆ. ಇನ್ನು ನಡುವಿನ ಬೋಲ್ಟ್ ಬಿಗಿ ಮಾಡುವುದು. ಬಿಗಿ, ಇನ್ನೂ ಬಿಗಿ, ಆಮೇಲೆ 'ಟಿಕ್' ಅಂತ ಸಣ್ಣ ಸದ್ದು. ಪುಲ್ಲರ್ ಕೈಗೆ ಬರುತ್ತದೆ, ಅದರ ಜೊತೆ ಅಲ್ಯೂಮಿನಿಯಂ ಸುರುಳಿಯೂ ಬರುತ್ತದೆ. ಕ್ರ್ಯಾಂಕ್ ಮಾತ್ರ ಅಲ್ಲೇ ಕೂತಿದೆ.

ತಪ್ಪು ಕ್ಯಾಲಿಪರಿನದಲ್ಲ. ಒಳ ಥ್ರೆಡ್ಡಿಗೆ ಕ್ಯಾಲಿಪರ್ ಇಟ್ಟಾಗ ಸಿಗುವುದು ಎಳೆಗಳ ತುದಿಯಿಂದ ತುದಿಗಿರುವ ಅಂತರ. 1 ಮಿ.ಮೀ. ಪಿಚ್ಚಿನ ಥ್ರೆಡ್ಡಿನಲ್ಲಿ ಅದು ಹೆಸರಿನ ಅಳತೆಗಿಂತ ಸುಮಾರು 1.1 ಕಡಿಮೆ. ಹಾಗಾಗಿ ನಿಜವಾದ 22 ಇದ್ದರೆ ಕ್ಯಾಲಿಪರ್ 20.9 ತೋರಿಸಬೇಕು. 21.9 ಬಂದರೆ ಅದು 23, ಅಂದರೆ ಟಿ.ಎ. 22.3 ಹತ್ತಿರ ಬಂದರೆ ಸ್ಟ್ರಾಂಗ್‌ಲೈಟ್. ಈ ಮೂರು ಅಂಕಿ ಬರೆದುಕೊಳ್ಳಿ, ಉಳಿದದ್ದನ್ನು ಮರೆತರೂ ಪರವಾಗಿಲ್ಲ. ಇನ್ನೂ ಒಂದು ಅಪಾಯವಿದೆ. ಟಿ.ಎ. ಪುಲ್ಲರನ್ನು ಸ್ಟ್ರಾಂಗ್‌ಲೈಟಿಗೆ ಹಾಕಿದರೆ ಎಳೆ ಅರ್ಧಂಬರ್ಧ ಕಚ್ಚುತ್ತದೆ. ಸಡಿಲವಾಗಿ ಕೂತ ಕ್ರ್ಯಾಂಕಾದರೆ ಒಂದೆರಡು ಸಲ ಬಂದೂ ಬರುತ್ತದೆ. ಅದೇ ಧೈರ್ಯದಲ್ಲಿ ಮೂರನೇ ಸಲ ಹಾಕಿದಾಗ ಥ್ರೆಡ್ ಹೋಗುತ್ತದೆ.

ಸರಿಯಾದ ಪುಲ್ಲರ್ ಸಿಗದಿದ್ದರೆ ಏನು ಮಾಡಬೇಕು? ಕೆಲವರು ಲೇತ್‌ಗೆ ಒಯ್ದು ಕ್ರ್ಯಾಂಕನ್ನೇ ಹೊಸ ಅಳತೆಗೆ ಕೊರೆಸುವ ಯೋಚನೆ ಮಾಡುತ್ತಾರೆ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ: ಪೇಟೆಯಲ್ಲಿ ಸಿಗುವುದನ್ನು ಬದಲಿಸಿ, ಸಿಗದೇ ಇರುವುದನ್ನು ಕೊರೆಯಬೇಡಿ. ಲೇತ್‌ನವರ ಹತ್ತಿರ ಹೋಗಲೇಬೇಕಿದ್ದರೆ 23 ಅಥವಾ 23.35ರ ಪುಲ್ಲರ್ ಮಾಡಿಸಿ. ಅದೂ ಆಗದಿದ್ದರೆ ಕಾರ್ ಗ್ಯಾರೇಜಿನ ಎರಡು ಕೊಕ್ಕೆಯ ಬೇರಿಂಗ್ ಪುಲ್ಲರ್ ತನ್ನಿ. ಕ್ರ್ಯಾಂಕ್ ಬೋಲ್ಟ್, ವಾಷರ್ ಎರಡನ್ನೂ ತೆಗೆಯಿರಿ. ಆಕ್ಸೆಲಿನ ತುದಿಯ ಮೇಲೆ ಸಣ್ಣ ಉಕ್ಕಿನ ತುಂಡು ಇಡಿ, ಇಲ್ಲದಿದ್ದರೆ ಪುಲ್ಲರಿನ ಮೊನೆ ಒಳಗಿನ ಥ್ರೆಡ್ ಕೆಡಿಸುತ್ತದೆ. ಕೊಕ್ಕೆಗಳ ಕೆಳಗೆ ಚರ್ಮದ ಪಟ್ಟಿ ಇಟ್ಟು ನಿಧಾನವಾಗಿ ಬಿಗಿ ಮಾಡುತ್ತಾ ಹೋಗಿ. ಬೋಲ್ಟ್ ಸಡಿಲಿಸಿ ಬೀದಿಯಲ್ಲಿ ನಾಲ್ಕು ಸುತ್ತು ತುಳಿದರೆ ತಾನೇ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ನಿಜ. ಬರುವಾಗ ಚೌಕ ತೂತನ್ನು ದುಂಡಗೆ ಮಾಡಿಕೊಂಡು ಬರುತ್ತದೆ.

ವಾಷರ್ ಅಂದೆನಲ್ಲ. ಬೋಲ್ಟ್ ಬಿಚ್ಚಿ ವಾಷರನ್ನು ಒಳಗೇ ಬಿಟ್ಟರೆ ಪುಲ್ಲರ್ ಆಕ್ಸೆಲನ್ನು ಒತ್ತುವ ಬದಲು ಕ್ರ್ಯಾಂಕನ್ನೇ ಒತ್ತುತ್ತದೆ. ಒಂದೇ ಕ್ರ್ಯಾಂಕನ್ನು ಎಳೆಯುವುದೂ ಅದೇ, ಒತ್ತುವುದೂ ಅದೇ. ನಡುವೆ ಸಿಕ್ಕಿದ ಥ್ರೆಡ್ ಕಿತ್ತು ಬರುತ್ತದೆ. ಶಿಮಾನೊದ ಆಕ್ಟಾಲಿಂಕ್ ಎಂಬ ಹಲ್ಲಿನ ಆಕ್ಸೆಲಿಗೆ ಮಾಡಿದ ದಪ್ಪ ಮೊನೆಯ ಪುಲ್ಲರ್ ಹಾಕಿದರೂ ಇದೇ ಗತಿ, ಆ ಮೊನೆ ಚೌಕ ತೂತಿನೊಳಗೆ ಹೋಗುವುದೇ ಇಲ್ಲ.

ಬೋಲ್ಟಿನ ವಿಷಯದಲ್ಲಿ ಹೊಸ ಸಾಮಾನು ನಿಜಕ್ಕೂ ಉಪಕಾರಿ. ಹಳೇ ಸ್ಟ್ರಾಂಗ್‌ಲೈಟ್ ಬೋಲ್ಟಿನ ತಲೆ 16, ಟಿ.ಎ. ಮತ್ತು ಕ್ಯಾಂಪನ್ಯೋಲೊದು 15. ಗ್ಯಾರೇಜಿನ ದಪ್ಪ ಗೋಡೆಯ 16ರ ಸಾಕೆಟ್ ಆ ತೂತಿನೊಳಗೆ ಹಿಡಿಸುವುದಿಲ್ಲ, ಬಲವಂತ ಮಾಡಿದರೆ ಅದೇ ಪುಲ್ಲರ್ ಥ್ರೆಡ್ಡಿಗೆ ಏಟು. ಇವತ್ತಿನ 14ರ ತಲೆಯ ಅಥವಾ 8ರ ಆಲನ್ ಕೀ ಹಾಕುವ ಬೋಲ್ಟ್ 8 ಮಿ.ಮೀ., ಪಿಚ್ 1. ಬಹುಪಾಲು ಹಳೇ ಆಕ್ಸೆಲಿಗೂ ಅದೇ ಥ್ರೆಡ್. ಬೆರಳಲ್ಲೇ ಕೊನೆವರೆಗೆ ತಿರುಗಿದರೆ ಹಾಕಿ, ಎಲ್ಲಾದರೂ ತಡೆದರೆ ನಿಲ್ಲಿಸಿ. 35ರಿಂದ 40 ನ್ಯೂಟನ್ ಮೀಟರ್‌ಗೆ ಒಮ್ಮೆ ಬಿಗಿ ಮಾಡಿ, ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ನೋಡಿ. ಪ್ರತಿ ಭಾನುವಾರ ಬೋಲ್ಟಿಗೆ ಕೈ ಹಾಕುವ ಭಕ್ತಿ ಬೇಡ. ಕ್ರ್ಯಾಂಕ್ ಟೇಪರ್ ಮೇಲೆ ಏರುತ್ತಾ ಏರುತ್ತಾ ಕೊನೆಗೆ ಸೀಳುತ್ತದೆ.

ಮುಂದೆ, ಸೀಲ್ಡ್ ಕಾರ್ಟ್ರಿಜ್ ಬಿಬಿ, ಅಂದರೆ ಕ್ರ್ಯಾಂಕಿನ ಆಕ್ಸೆಲ್ ಮತ್ತು ಬೇರಿಂಗ್ ಸೇರಿಸಿ ಮುಚ್ಚಿದ ಬಾಟಮ್ ಬ್ರಾಕೆಟ್. ಶಿಮಾನೊ ಯು.ಎನ್. ಸರಣಿಯದು ಅಗ್ಗ, 103ರಿಂದ 127.5ರವರೆಗೆ ಆಕ್ಸೆಲ್ ಉದ್ದಗಳು ಬಂದಿವೆ. ಆದರೆ ಅದರ ಚೌಕ ಜಪಾನಿನ ಜೆ.ಐ.ಎಸ್. ಅಳತೆಯದು, ಕ್ಯಾಂಪನ್ಯೋಲೊದು ಐ.ಎಸ್.ಒ. ಎಂಬ ಅಂತರರಾಷ್ಟ್ರೀಯ ಅಳತೆಯದು. ಎರಡರ ಇಳಿಜಾರೂ ಒಂದೇ, 2 ಡಿಗ್ರಿ. ತುದಿಯ ದಪ್ಪ ಬೇರೆ. ಐ.ಎಸ್.ಒ. ಕ್ರ್ಯಾಂಕನ್ನು ಜೆ.ಐ.ಎಸ್. ಆಕ್ಸೆಲಿಗೆ ಹಾಕಿದರೆ ಪ್ರತಿ ಬದಿಯಲ್ಲೂ ಸುಮಾರು 4.5 ಮಿ.ಮೀ. ಹೊರಗೆ ನಿಲ್ಲುತ್ತದೆ. ಹಳೇ ಜಾಗದಲ್ಲೇ ಕೂರಬೇಕಾದರೆ ಒಟ್ಟು 9ರಷ್ಟು ಗಿಡ್ಡ ಆಕ್ಸೆಲ್ ಆರಿಸಿ. ತಿರುವುಮುರುವಾದರೆ ಕೆಲಸ ಕೆಟ್ಟಿತು: ಜೆ.ಐ.ಎಸ್. ಕ್ರ್ಯಾಂಕ್ ಐ.ಎಸ್.ಒ. ಆಕ್ಸೆಲ್ ಮೇಲೆ ಒಳಗೆ ಜಾರಿ, ಆಕ್ಸೆಲಿನ ತುದಿ ಬೋಲ್ಟಿನ ವಾಷರನ್ನೇ ಮುಟ್ಟಬಹುದು. ಬೋಲ್ಟ್ ಕಲ್ಲಿನಂತೆ ಬಿಗಿಯಾಗಿರುತ್ತದೆ, ಕ್ರ್ಯಾಂಕ್ ಮಾತ್ರ ಅಲುಗುತ್ತದೆ. ಬಿಗಿ ಮಾಡಿದ ಮೇಲೆ ಬೋಲ್ಟ್ ತೆಗೆದು ಇಣುಕಿ ನೋಡಿ. ಆಕ್ಸೆಲಿನ ತುದಿ ವಾಷರ್ ಕೂರುವ ಮೆಟ್ಟಿಲಿಗಿಂತ ಒಂದೆರಡು ಮಿ.ಮೀ.ಯಾದರೂ ಒಳಗಿರಬೇಕು.

ಇನ್ನು ಬಿಬಿ ಕೂರುವ ಫ್ರೇಮಿನ ಥ್ರೆಡ್. ಬಿ.ಎಸ್.ಎ. ಎಂಬ ಇಂಗ್ಲಿಷ್ ಅಳತೆಯಲ್ಲಿ ಇಂಚಿಗೆ 24 ಎಳೆ, ಬಲಗಡೆ ಕಪ್, ಅಂದರೆ ಬಾಲ್ ಕೂರುವ ಬಟ್ಟಲು, ಉಲ್ಟಾ ತಿರುಗುತ್ತದೆ. ಇಟಲಿಯದು 36 ಮಿ.ಮೀ., ಫ್ರಾನ್ಸಿನದು 35, ಎರಡರಲ್ಲೂ ಎರಡೂ ಬದಿ ನೇರ ಥ್ರೆಡ್. ನಾಟಿಂಗ್‌ಹ್ಯಾಮಿನ ರ‍್ಯಾಲಿಯ ಸ್ವಂತ ಅಳತೆಯಲ್ಲಿ 26 ಎಳೆ. 24ರ ಕಾರ್ಟ್ರಿಜ್ ಅದಕ್ಕೆ ಎರಡು ಸುತ್ತು ಹೋಗಿ ಹಿಡಿಯುತ್ತದೆ. ಅಲ್ಲಿಗೆ ಬಿಡಿ. ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ 24 ಮಾಡಿಸಲು ಹೋದರೆ ಎಳೆ ದುರ್ಬಲವಾಗಬಹುದು. ರ‍್ಯಾಲಿಯ ಕಪ್ಪುಗಳನ್ನು ಹಾಗೇ ಇಟ್ಟು ಚೌಕ ತುದಿಯ ಆಕ್ಸೆಲ್ ಹಾಕಿ. ಬದಿಗೆ 11ರಂತೆ ಕಾಲಿಂಚಿನ ಹೊಸ ಬಾಲ್, ಒಳ್ಳೆ ಗ್ರೀಸ್, ಅಷ್ಟೇ. ನೋಡಿ, ಮತ್ತೆ ಅದೇ ಮಾತು: ಬಾಲ್ ಸಿಗುತ್ತದೆ, ಆಕ್ಸೆಲ್ ಸಿಗುತ್ತದೆ, ಫ್ರೇಮ್ ಸಿಗುವುದಿಲ್ಲ.

ಕಾಟರ್ ಪಿನ್ ನಮ್ಮೂರಿನ ವಿಷಯ, ಅಟ್ಲಾಸ್, ಹರ್ಕ್ಯುಲಸ್ ಇಟ್ಟುಕೊಂಡವರು ಬಹಳ ಜನ ಇದ್ದೀರಿ. ಇಂಗ್ಲಿಷ್ ಮಾದರಿಗೆ 9.5 ಮಿ.ಮೀ. ಪಿನ್, ಯುರೋಪಿನವಕ್ಕೆ 9, ಕೆಲವಕ್ಕೆ ಇನ್ನೂ ಸಣ್ಣದು. 9.5ರ ತೂತಿಗೆ 9ರ ಪಿನ್ ಹಾಕಿ ತಗಡಿನ ಚೂರು ತುರುಕುವ ಪದ್ಧತಿ ಒಂದಿದೆ, ಅದನ್ನು ದಯವಿಟ್ಟು ಬಿಡಿ. ತೆಗೆಯುವಾಗ ಸುತ್ತಿಗೆ ಏಟಿನ ಭಾರವೆಲ್ಲ ಬಾಲ್‌ಗಳ ಮೂಲಕ ಕಪ್ಪಿಗೆ ಹೋಗಿ ಕುಳಿ ಬೀಳುತ್ತದೆ. ಕಾಟರ್ ಪ್ರೆಸ್ ಇದ್ದರೆ ಸರಿ. ಇಲ್ಲವಾದರೆ ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಬಿಚ್ಚಿ, ಇನ್ನೊಂದು ಬದಿಗೆ ಪಿನ್ನಿನ ತಲೆ ಒಳಗೆ ಹೋಗುವಷ್ಟು ದೊಡ್ಡ ಸಾಕೆಟ್ ಇಟ್ಟು, ಬೆಂಚ್ ವೈಸಿನಲ್ಲಿ ಒತ್ತಿ. ಹಾಕುವಾಗಲೂ ಒತ್ತಿಯೇ ಕೂರಿಸಬೇಕು, ನಟ್ಟಿನಿಂದ ಎಳೆಯಬಾರದು. ನಟ್ ಬರೀ ಕಾವಲಿಗೆ. ಚಪ್ಪಟೆ ಮುಖಕ್ಕೆ ಮಾರ್ಕರ್ ಹಚ್ಚಿ ಒಮ್ಮೆ ಕೂರಿಸಿ ತೆಗೆದರೆ ಎಲ್ಲಿ ಮುಟ್ಟುತ್ತಿದೆ ಎಂದು ಗೊತ್ತಾಗುತ್ತದೆ, ಅಷ್ಟೇ ಜಾಗಕ್ಕೆ ಅರ ಹಾಕಿ. ಯಾವ ಕ್ರ್ಯಾಂಕನ್ನು ಮುಂದಕ್ಕೆ ತಂದರೂ ನಟ್ ಒಂದೇ ಕಡೆಗಿರಬೇಕು, ಎರಡೂ ಮೇಲೆ ಅಥವಾ ಎರಡೂ ಕೆಳಗೆ. ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಗೆ ಬರುವುದಿಲ್ಲ, ಸೈಕಲ್ ಕುಂಟುತ್ತದೆ.

ಚೀಟಿ ಬಂತು, ಐದೇ ನಿಮಿಷವಂತೆ. ಚೈನ್‌ವೀಲ್ ಬೇಗ ಮುಗಿಸುತ್ತೇನೆ. ಈ ಹಲ್ಲಿನ ಚಕ್ರವನ್ನು ಕ್ರ್ಯಾಂಕಿಗೆ ಹಿಡಿಸುವ ಬೋಲ್ಟುಗಳ ವೃತ್ತ 144 ಮಿ.ಮೀ. ಇದ್ದರೆ 41 ಹಲ್ಲಿಗಿಂತ ಸಣ್ಣದು ಕೂರದು. ಬೆಟ್ಟ ಹತ್ತುವವರು ಹಿಂದಿನ ಫ್ರೀವೀಲ್ ಬದಲಿಸಿ. 10 ಸ್ಪೀಡಿನ ಚೈನಿನ ಹೊರ ಅಗಲ ಸುಮಾರು 6 ಮಿ.ಮೀ., ಹಳೇ ಎರಡು ಚೈನ್‌ವೀಲ್‌ಗಳ ನಡುವೆ ಬಿದ್ದು ಸಿಕ್ಕಿಕೊಳ್ಳಬಹುದು. 7.1ರ 8 ಸ್ಪೀಡ್ ಚೈನ್ ಹಾಕಿದರೆ ಆ ತಲೆನೋವಿಲ್ಲ.

ಪೆಡಲ್: ಡಿ, ಜಿ (ಫ್ರೆಂಚಿನಲ್ಲಿ ಬಲ, ಎಡ) ಎಂದು ಕೊರೆದಿದ್ದರೆ ಫ್ರೆಂಚ್ ಥ್ರೆಡ್ ಇರುವ ಸಂಭವ ಹೆಚ್ಚು, 14 ಮಿ.ಮೀ., ಪಿಚ್ 1.25. ಇವತ್ತಿನ ಪೆಡಲ್ 14.3, ಪಿಚ್ 1.27. ನನ್ನ ನಿಯಮಕ್ಕೆ ಇದೊಂದೇ ವಿನಾಯಿತಿ. ಪಿಚ್ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ 9/16 ಇಂಚು, 20 ಎಳೆಯ ಬಲ-ಎಡ ಟ್ಯಾಪ್ ಜೋಡಿ ಹಾಕಬಹುದು. ಎಣ್ಣೆ ಧಾರಾಳವಾಗಿರಲಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಳೇ ಪೆಡಲ್ ಚೆನ್ನಾಗಿದ್ದರೆ ಅದನ್ನೂ ಮಾಡಬೇಡಿ, ಅದರ ಬಾಲ್ ಬದಲಿಸಿ ಸಾಕು.

ಕೊನೆಯದು ಬಿರುಕು. ಹಳೇ ಕ್ಯಾಂಪನ್ಯೋಲೊ ರೆಕಾರ್ಡ್ ಇದ್ದವರು ಚೈನ್‌ವೀಲಿನ ತೋಳು ಕ್ರ್ಯಾಂಕಿಗೆ ಸೇರುವ ಸಂದಿಯನ್ನು ತೊಳೆದು ಒರೆಸಿ, ಟಾರ್ಚ್ ಅಡ್ಡ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ ಕಂಡರೂ ಅದನ್ನು ತುಳಿಯುವುದು ಬೇಡ. ಬೋಲ್ಟು, ಬಿಬಿ ಎಲ್ಲ ಕೊಳ್ಳುವ ಮೊದಲೇ ಇದನ್ನು ನೋಡಿಬಿಟ್ಟರೆ ದುಡ್ಡೂ ಉಳಿಯುತ್ತದೆ. ಕ್ರ್ಯಾಂಕ್ ತಂದವರು ಮುಂದೆ ಬನ್ನಿ, ಕ್ಯಾಲಿಪರ್ ಇಲ್ಲೇ ಇದೆ, ಅಳೆಯೋಣ.