ಸಿಡಿದ ನಕ್ಷತ್ರಕ್ಕೆ ಎಷ್ಟು ವಯಸ್ಸು, ಅದು ಎಷ್ಟು ದೂರ?

[ಪರದೆಯಲ್ಲಿ: ಚಂದ್ರಾ ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕ ತೆಗೆದ ಟೈಕೋ ಅವಶೇಷದ (ಸಿಡಿದ ನಕ್ಷತ್ರದ ಉಳಿಕೆಯ) ಚಿತ್ರ]

ಅಂಚಿನಲ್ಲಿರುವ ಈ ತೆಳು ನೀಲಿ ಗೆರೆ ನೋಡಿ. 1572ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಕಂಡ ಸೂಪರ್‌ನೋವಾದ, ಅಂದರೆ ನಕ್ಷತ್ರ ಸ್ಫೋಟದ, ಆಘಾತ ತರಂಗ ಇದು. ಇವತ್ತಿಗೂ ಹೊರಕ್ಕೆ ನುಗ್ಗುತ್ತಲೇ ಇದೆ. ಒಳಗಿನ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದಿರುವುದರಿಂದ ಎಕ್ಸ್-ರೇ ಸೂಸುತ್ತದೆ.

[ಪರದೆಯಲ್ಲಿ: 2000 ಮತ್ತು 2015ರ ಚಿತ್ರಗಳು, ಒಂದರ ಮೇಲೊಂದು]

ಹದಿನೈದು ವರ್ಷದಲ್ಲಿ ಅಂಚು ಸರಿದಿರುವುದು ಕಣ್ಣಿಗೇ ಕಾಣುತ್ತದೆ. ವರ್ಷಕ್ಕೆ ಸುಮಾರು 0.3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿ ಕೋನದ 3,600ನೇ ಒಂದು ಭಾಗ). ಅವಶೇಷದ ತ್ರಿಜ್ಯ ಸುಮಾರು 240 ಆರ್ಕ್‌ಸೆಕೆಂಡ್. ಭಾಗಿಸಿದರೆ 800 ವರ್ಷ ಬರುತ್ತದೆ. ಆದರೆ 2015ಕ್ಕೆ ಇದರ ವಯಸ್ಸು 443 ಅಷ್ಟೇ! (ಬೆಳಕು ನಮ್ಮನ್ನು ತಲುಪಿದಾಗಿನಿಂದ ಎಣಿಸಿದ ವಯಸ್ಸು. ನಕ್ಷತ್ರ ಸಿಡಿದದ್ದು ಅದಕ್ಕೂ ಸಾವಿರಾರು ವರ್ಷ ಮೊದಲು.)

ವೇಗ ಮೊದಲಿನಿಂದಲೂ ಇಷ್ಟೇ ಇತ್ತು ಅಂದುಕೊಂಡದ್ದೇ ತಪ್ಪು. ತರಂಗ ದಾರಿಯಲ್ಲಿ ಸಿಕ್ಕ ಅನಿಲವನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ, ಹೊರೆ ಹೆಚ್ಚಿದಂತೆ ನಿಧಾನವಾಗುತ್ತದೆ. ನಕ್ಷತ್ರ ಎಸೆದದ್ದಕ್ಕಿಂತ ಗುಡಿಸಿಕೊಂಡದ್ದೇ ಬಹಳ ಹೆಚ್ಚಾದಾಗ, ಭಾಗಾಕಾರದ ಉತ್ತರವನ್ನು 0.4ರಿಂದ ಗುಣಿಸಬೇಕು. ಇದು ಸೆಡೊವ್ ಹಂತ. ಹಾಗೆ ಮಾಡಿದರೆ 320 ಬರುತ್ತದೆ, ಅದೂ ಸರಿಯಲ್ಲ. ಟೈಕೋ ಇನ್ನೂ ಆ ಹಂತ ಮುಟ್ಟಿಲ್ಲ. ಹುಟ್ಟಿದ ವರ್ಷ ಗೊತ್ತಿರುವ ಅವಶೇಷಗಳು ನನಗೆ ತುಂಬ ಅಮೂಲ್ಯ ಅನ್ನಿಸುವುದು ಇದಕ್ಕೇ. ನಮ್ಮ ಸೂತ್ರ ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಅವು ತೋರಿಸಿಕೊಡುತ್ತವೆ.

ಇಲ್ಲಿಯವರೆಗೆ ದೂರ ಎಷ್ಟು ಅಂತ ಕೇಳಲೇ ಇಲ್ಲ, ಗಮನಿಸಿದಿರಾ? ಅದಕ್ಕೆ ಕಿಲೋಮೀಟರ್ ಲೆಕ್ಕದ ವೇಗ ಬೇಕು.

[ಪರದೆಯಲ್ಲಿ: ಸಿಲಿಕಾನ್ ರೋಹಿತ ರೇಖೆ]

ಬಿಸಿ ಸಿಲಿಕಾನ್ ಎಕ್ಸ್-ರೇ ರೋಹಿತದಲ್ಲಿ ಒಂದು ರೇಖೆ ಮೂಡಿಸುತ್ತದೆ. ನಮ್ಮತ್ತ ಬರುವ ಅನಿಲ ಅದನ್ನು ಒಂದು ಕಡೆ, ದೂರ ಸರಿಯುವ ಅನಿಲ ಇನ್ನೊಂದು ಕಡೆ ಎಳೆದು ಅಗಲ ಮಾಡುತ್ತವೆ. ಅದೇ ಡಾಪ್ಲರ್ ಪರಿಣಾಮ. ಜಪಾನಿನ ಸುಜಾಕು ಉಪಗ್ರಹದ ಮಾಪನದಿಂದ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 4,700 ಕಿ.ಮೀ. ಚಿತ್ರದಲ್ಲಿ ಈ ಅನಿಲ ಸರಿಯುವುದು ವರ್ಷಕ್ಕೆ ಸುಮಾರು ಕಾಲು ಆರ್ಕ್‌ಸೆಕೆಂಡ್. ಅಷ್ಟು ವೇಗವಾಗಿ ಓಡುವುದು ಇಷ್ಟೇ ಸರಿದಂತೆ ಕಾಣಬೇಕಾದರೆ ಅದು ಸುಮಾರು 13,000 ಜ್ಯೋತಿರ್ವರ್ಷ ದೂರ ಇರಬೇಕು. ಉಂಡೆ ಎಲ್ಲ ಕಡೆಗೂ ಸಮನಾಗಿ ಹಿಗ್ಗುತ್ತಿದೆ ಎಂದುಕೊಂಡು ಹಾಕಿದ ಲೆಕ್ಕ ಇದು. 3,000 ಜ್ಯೋತಿರ್ವರ್ಷ ಆಚೀಚೆ ಆಗಬಹುದು.

[ಪರದೆಯಲ್ಲಿ: ಜಿ1.9+0.3]

ಇದು ಇನ್ನೊಂದು ಅವಶೇಷ. ಇದು ಸಿಡಿದದ್ದನ್ನು ಯಾರೂ ನೋಡಿಲ್ಲ. ಗ್ಯಾಲಕ್ಸಿಯ ಕೇಂದ್ರದ ಬಳಿಯ ದಟ್ಟ ಧೂಳು ಅದರ ಬೆಳಕನ್ನು ತಡೆದುಬಿಟ್ಟಿತ್ತು, ಎಕ್ಸ್-ರೇ ಮತ್ತು ರೇಡಿಯೋ ಅಲೆಗಳು ತೂರಿ ಬಂದವು. 1985ರ ರೇಡಿಯೋ ಚಿತ್ರಕ್ಕಿಂತ 2007ರ ಚಂದ್ರಾ ಚಿತ್ರದಲ್ಲಿ ಇದು ಸುಮಾರು ಶೇ. 16ರಷ್ಟು ದೊಡ್ಡದು. 22 ವರ್ಷಕ್ಕೆ ಇಷ್ಟು ಬೆಳೆದದ್ದಕ್ಕೆ 2007ರಲ್ಲಿ ಹೆಚ್ಚೆಂದರೆ ಸುಮಾರು 160 ವರ್ಷ. ವೇಗ ಕುಂದಿರುವುದನ್ನೂ ಸೇರಿಸಿಕೊಂಡರೆ ಇನ್ನೂ ಕಡಿಮೆ.