ಮೊದಲು ಕಾಪಿ, ಆಮೇಲೆ ಹಬ್ಬ

ಕೇಳುಗರಿಗೆಲ್ಲ ನಮಸ್ಕಾರ.

ಅಭಿಮಾನಿಗಳೇ ಸೇರಿ ಮಾಡಿದ ವೈಜ್ಞಾನಿಕ ಕಥೆಯ ಅನಿಮೇಷನ್ ಸರಣಿ ಮುಗಿಯುತ್ತಿದೆ, ಕೊನೆಯ ಕಂತು ಇಂಥ ದಿನ ಬರುತ್ತದೆ ಎಂದು ಗೊತ್ತಾದ ಕೂಡಲೇ ಗುಂಪುಗಳಲ್ಲಿ ಸಡಗರ ಶುರುವಾಗುತ್ತದೆ. ಎಲ್ಲಿ ಸೇರೋಣ, ಯಾರು ಯಾವ ಪಾತ್ರದ ವೇಷ ಹಾಕೋಣ, ಪ್ರೊಜೆಕ್ಟರ್ ಯಾರು ತರ್ತಾರೆ? ಎಲ್ಲ ಬೇಕಾದದ್ದೇ. ಆದರೆ ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ಕೆಲಸ ಬರೆದುಕೊಳ್ಳಿ: ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಇಡೀ ಸರಣಿಯ ಕಾಪಿ ಇಟ್ಟುಕೊಳ್ಳುವುದು. ಮೊದಲು ಕಾಪಿ, ಆಮೇಲೆ ಹಬ್ಬ. ಇವತ್ತು ಏನೇ ಹೇಳಿದರೂ ನಾನು ಈ ಮಾತಿಗೇ ವಾಪಸು ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಂಥ ಸರಣಿಯಲ್ಲಿ ಎಷ್ಟು ಶ್ರಮ ಇದೆ ಎಂಬ ಲೆಕ್ಕ ಮೊದಲು ಕೇಳಿ. ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ 24 ನಿಶ್ಚಲ ಚಿತ್ರ. ಹತ್ತು ನಿಮಿಷದ ಒಂದು ಕಂತಿಗೆ 14,400 ಫ್ರೇಮ್. ಕೈಯಿಂದ ಬಿಡಿಸುವವರು ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುತ್ತಾರೆ, ಆಗಲೂ 7,200 ಚಿತ್ರ ಬೇಕು. ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲಿ ಮಾಡುವವರಿಗೆ ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಆ ಚಿತ್ರ ತಯಾರಿಸಲು, ಎರಡು ನಿಮಿಷ ಹಿಡಿಯಿತು ಎನ್ನಿ, ಕಂತು ಮುಗಿಯಲು 480 ಗಂಟೆ. ಒಂದೇ ಕಂಪ್ಯೂಟರ್ ಹಗಲು ರಾತ್ರಿ ಓಡಿದರೆ ಸರಿಯಾಗಿ 20 ದಿನ. ಅದಕ್ಕೇ ಬಲ್ಲವರು ನೇರವಾಗಿ ವಿಡಿಯೋ ಫೈಲಾಗಿ ರೆಂಡರ್ ಮಾಡುವುದಿಲ್ಲ, ಪ್ರತಿಯೊಂದು ಫ್ರೇಮನ್ನೂ ಬಿಡಿ ಬಿಡಿ ಪಿಎನ್‌ಜಿ ಚಿತ್ರವಾಗಿ ಉಳಿಸುತ್ತಾರೆ. 9,000ನೇ ಫ್ರೇಮಿನಲ್ಲಿ ಕರೆಂಟು ಹೋದರೆ ವಿಡಿಯೋ ಫೈಲು ತೆರೆಯುವುದೇ ಕಷ್ಟ. ಬಿಡಿ ಚಿತ್ರಗಳಾಗಿದ್ದರೆ ನಿಂತಲ್ಲಿಂದ ಮತ್ತೆ ಶುರು ಮಾಡಿದರಾಯಿತು.

ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು ಮಾಡಿದ ಇಷ್ಟು ಕೆಲಸ ಕೊನೆಗೆ ಎಲ್ಲಿರುತ್ತದೆ? ಒಬ್ಬರ ಕಂಪ್ಯೂಟರಿನಲ್ಲಿ, ಒಂದು ವಿಡಿಯೋ ಚಾನೆಲ್ಲಿನಲ್ಲಿ. ಇವರ ಹಿಂದೆ ಸ್ಟುಡಿಯೋ ಇಲ್ಲ, ಉಗ್ರಾಣ ಇಲ್ಲ, ದಾಖಲೆ ನೋಡಿಕೊಳ್ಳುವ ಸಿಬ್ಬಂದಿ ಇಲ್ಲ. ಡಿಸ್ಕ್ ಕೆಟ್ಟರೆ ಮೂಲ ಹೋಯಿತು. ಬೇರೊಬ್ಬರ ಕಥಾಜಗತ್ತನ್ನು ಬಳಸಿದ್ದು, ಅದರ ಹಕ್ಕುದಾರರು ಆಕ್ಷೇಪ ಎತ್ತಿದರೆ ಚಾನೆಲ್ಲು ಹೋಯಿತು.

ದೊಡ್ಡ ಸಂಸ್ಥೆಗಳಲ್ಲಿ ಹೀಗೆಲ್ಲ ಆಗುವುದಿಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ ಈ ಕಥೆ ಕೇಳಿ. ಸ್ವಲ್ಪ ಉದ್ದ ಇದೆ, ಆದರೆ ಇದನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ.

ಬ್ರಿಟನ್ನಿನ ಬಿಬಿಸಿ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಸರಣಿಯನ್ನು 1963ರ ನವೆಂಬರ್ 23ರಂದು ಶುರು ಮಾಡಿತು. ಆಗಿನ ವಿಡಿಯೋ ಟೇಪು ಬಲು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದ ವಸ್ತು. ಮನೆಯಲ್ಲಿ ಹಾಕಿ ನೋಡುವ ಕ್ಯಾಸೆಟ್ಟು ಇರಲಿಲ್ಲ. ಕಲಾವಿದರ ಸಂಘಗಳ ಜೊತೆಗಿನ ಒಪ್ಪಂದಗಳಿಂದಾಗಿ ಮರುಪ್ರಸಾರಕ್ಕೂ ಮಿತಿ ಇತ್ತು. ಇನ್ನು ಇಟ್ಟುಕೊಂಡು ಏನು ಪ್ರಯೋಜನ ಎಂದು ಟೇಪುಗಳನ್ನು ಅಳಿಸಿದರು, ಫಿಲ್ಮ್ ಪ್ರತಿಗಳನ್ನೂ ಹಾಳುಗೆಡವಿದರು. 1960ರ ದಶಕದ ಸುಮಾರು ನೂರು ಕಂತುಗಳ ಚಿತ್ರ ಬಿಬಿಸಿಯ ಕೈ ತಪ್ಪಿತು.

ಆದರೆ ಆ ಕಂತುಗಳ ಧ್ವನಿ ಉಳಿದಿದೆ. ಒಂದೂ ಬಿಡದೆ, ಎಲ್ಲ ಕಂತುಗಳದ್ದೂ! ಉಳಿಸಿದವರು ಯಾರು ಗೊತ್ತೆ? ಮನೆಯಲ್ಲಿ ಕೂತು ನೋಡುತ್ತಿದ್ದ ಅಭಿಮಾನಿಗಳು. ದೊಡ್ಡ ಚಕ್ರದ ಟೇಪ್ ರೆಕಾರ್ಡರನ್ನು ಟಿವಿಯ ಪಕ್ಕ ಇಟ್ಟು, ಸ್ಪೀಕರಿನ ಮುಂದೆ ಮೈಕ್ ಹಿಡಿದು ರೆಕಾರ್ಡ್ ಮಾಡಿಕೊಂಡರು. ಮೈಕ್ ಹಿಡಿದರೆ ಕೋಣೆಯ ಕೆಮ್ಮು, ಬಾಗಿಲಿನ ಸದ್ದು ಎಲ್ಲವೂ ಟೇಪಿಗೆ ಹೋಗುತ್ತದೆ. ಅದಕ್ಕೆ ಇನ್ನೂ ಜಾಣರಾದ ಕೆಲವರು ಟಿವಿಯ ಒಳಗಿಂದಲೇ ತಂತಿ ಎಳೆದು ರೆಕಾರ್ಡರಿಗೆ ಜೋಡಿಸಿದರು. ಅವರ ಟೇಪು ಇವತ್ತಿಗೂ ಸ್ವಚ್ಛವಾಗಿ ಕೇಳುತ್ತದೆ. ಚಿತ್ರದ ಕಡೆಯಿಂದ ನೆರವಾದವರು ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು. ಟಿವಿ ಪರದೆಯ ಫೋಟೋ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುವುದು ಅವರ ಕಸುಬು.

ಈಗ ನೋಡಿ. 1968ರ ‘ದ ಇನ್ವೇಷನ್’ ಕಥೆಯ ಎಂಟು ಕಂತುಗಳಲ್ಲಿ 1 ಮತ್ತು 4ನೆಯದು ಕಳೆದುಹೋಗಿದ್ದವು. 2006ರಲ್ಲಿ ಅಭಿಮಾನಿಗಳು ರೆಕಾರ್ಡ್ ಮಾಡಿಟ್ಟಿದ್ದ ಧ್ವನಿಯನ್ನು ಇಟ್ಟುಕೊಂಡು ಆ ಎರಡನ್ನೂ ಅನಿಮೇಷನ್ನಿನಲ್ಲಿ ಕಟ್ಟಿದರು. ‘ದ ಪವರ್ ಆಫ್ ದ ಡಾಲೆಕ್ಸ್’ ಎಂಬ ಆರು ಕಂತಿನ ಕಥೆಯಲ್ಲಂತೂ ಒಂದೂ ಪೂರ್ಣವಾಗಿ ಉಳಿದಿರಲಿಲ್ಲ. ಅದು ಮೊದಲು ಪ್ರಸಾರವಾದದ್ದು 1966ರ ನವೆಂಬರ್ 5ರಂದು. ಐವತ್ತು ವರ್ಷ ತುಂಬಿದ ಅದೇ ದಿನ, 2016ರ ನವೆಂಬರ್ 5ರಂದು, ಅದು ಅನಿಮೇಷನ್ನಾಗಿ ಮತ್ತೆ ಬಂತು. ಕೆಳಗೆ ಅಭಿಮಾನಿಯ ಟೇಪಿನ ಧ್ವನಿ, ಮೇಲೆ ಹೊಸದಾಗಿ ಬಿಡಿಸಿದ ಚಿತ್ರ. 2013ರಲ್ಲಿ ಇನ್ನೊಂದು ಸುದ್ದಿ: ನೈಜೀರಿಯಾದ ಟಿವಿ ಕೇಂದ್ರವೊಂದರಲ್ಲಿ ಒಂಬತ್ತು ಕಂತುಗಳ ಫಿಲ್ಮೇ ಸಿಕ್ಕಿತು. ಹೊರದೇಶಕ್ಕೆ ಕಳಿಸಿದ್ದ ಕಾಪಿ, ದೂರದಲ್ಲಿ ಇದ್ದದ್ದಕ್ಕೇ ಬದುಕಿತ್ತು. ಅದಕ್ಕೇ ನಾನು ಹೇಳುವುದು, ಮೊದಲು ಕಾಪಿ.

ಸರಿ, ಹೇಗೆ ಇಡಬೇಕು? ಮೊದಲು ಸರಣಿಯ ತಂಡವನ್ನೇ ಕೇಳಿ. ಡೌನ್‌ಲೋಡಿಗೆ ಫೈಲು ಕೊಡುತ್ತೀರಾ ಎಂದು ಒಂದು ಸಾಲು ಬರೆದರೆ ಬಹಳಷ್ಟು ತಂಡಗಳು ಸಂತೋಷದಿಂದ ಕೊಡುತ್ತವೆ. ದಯವಿಟ್ಟು ಪರದೆಯನ್ನು ರೆಕಾರ್ಡ್ ಮಾಡಿ ಅದನ್ನೇ ಕಾಪಿ ಎನ್ನಬೇಡಿ. ಚಾನೆಲ್ಲು ಗಾತ್ರ ಇಳಿಸಲು ಒಮ್ಮೆ ಹಿಂಡಿದ ವಿಡಿಯೋವನ್ನು ನೀವು ಇನ್ನೊಮ್ಮೆ ಹಿಂಡುತ್ತೀರಿ. ಬಾಹ್ಯಾಕಾಶದ ಕಪ್ಪು ಹಿನ್ನೆಲೆ ಚೌಕ ಚೌಕವಾಗಿ ಒಡೆಯುತ್ತದೆ, ನಕ್ಷತ್ರಗಳು ಅಳಿಸಿಹೋಗುತ್ತವೆ. ವೈಜ್ಞಾನಿಕ ಕಥೆಯಲ್ಲಿ ಕತ್ತಲ ದೃಶ್ಯವೇ ಹೆಚ್ಚು, ಏಟು ಬೀಳುವುದೂ ಅಲ್ಲೇ.

ಗಾತ್ರದ ಭಯ ಬೇಡ. ಸೆಕೆಂಡಿಗೆ 8 ಮೆಗಾಬಿಟ್ ದರದ ಫೈಲಾದರೆ ಹತ್ತು ನಿಮಿಷದ ಕಂತು ಸುಮಾರು 600 ಎಂಬಿ. ಹತ್ತು ಕಂತಿಗೆ 6 ಜಿಬಿ. 16 ಜಿಬಿಯ ಪೆನ್‌ಡ್ರೈವ್ ಧಾರಾಳ ಸಾಕು. ಎಲ್ಲ ಕಂತು ಸೇರಿಸಿ ಒಂದೇ ಫೈಲು ಮಾಡಿದವರಿಗೆ ಕಾಪಿ ಆಗದೆ ನಿಂತುಬಿಡುತ್ತದೆ, ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಎಫ್‌ಎಟಿ32 ಎಂಬ, ಡ್ರೈವಿನಲ್ಲಿ ಫೈಲು ಜೋಡಿಸುವ ಹಳೆಯ ವ್ಯವಸ್ಥೆ 4 ಜಿಬಿ ಮೀರಿದ ಒಂದೇ ಫೈಲನ್ನು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ ಎಂಬ ಹೊಸ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡುವಾಗ ಒಳಗಿದ್ದದ್ದೆಲ್ಲ ಅಳಿಯುತ್ತದೆ, ಖಾಲಿ ಮಾಡಿಕೊಂಡೇ ಮಾಡಿ.

ಮೂರು ಕಾಪಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಒಂದೇ ಡಿಸ್ಕಿನಲ್ಲಿ ಮೂರು ಫೋಲ್ಡರ್ ಮಾಡಿದರೆ ಅದು ಮೂರು ಕಾಪಿ ಆಗುವುದಿಲ್ಲ. ತಾನಾಗಿ ಹೊಂದಿಸಿಕೊಳ್ಳುವ ಆನ್‌ಲೈನ್ ಫೋಲ್ಡರನ್ನೂ ನೆಚ್ಚಬೇಡಿ: ಒಂದು ಕಡೆ ಅಪ್ಪಿತಪ್ಪಿ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಡ್ರಾಯರಿನಲ್ಲಿ ಹಾಕಿ ಮರೆತರೆ ಒಳಗಿನ ವಿದ್ಯುದಂಶ ಸೋರಿ ಫೈಲು ಹಾಳಾಗಬಹುದು. ವರ್ಷಕ್ಕೊಮ್ಮೆ ತೆಗೆದು ನೋಡಿ. ನೋಡುವುದು ಎಂದರೆ ಎಲ್ಲ ಕಂತು ಓಡಿಸಬೇಕಾಗಿಲ್ಲ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಎಂಬ ಮೊತ್ತ ತೆಗೆಯುವ ಉಚಿತ ತಂತ್ರಾಂಶ ಇದೆ, 64 ಅಕ್ಷರ-ಅಂಕಿಗಳ ಒಂದು ಸಾಲು ಕೊಡುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಸಾಲು ಬಂದರೆ ಫೈಲಿನಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ.

ಹೆಸರು ಇಡುವಾಗ 01, 02 ಎಂದು ಇಡಿ. ಬರೀ 1, 2 ಎಂದಿಟ್ಟರೆ ಕೆಲವು ಸಾಧನಗಳಲ್ಲಿ 1 ಆದ ಮೇಲೆ 10 ಬರುತ್ತದೆ, ಎರಡನೇ ಕಂತಿನ ಬದಲು ಕೊನೆಯ ಕಂತು ಓಡುತ್ತದೆ. ಹೊಸದಾಗಿ ನೋಡುವವರಿಗೆ ಇಡೀ ಕಥೆಯೇ ಬಯಲು. ಉಪಶೀರ್ಷಿಕೆಯ ಫೈಲನ್ನು ಯುಟಿಎಫ್-8 ಎಂಬ ಅಕ್ಷರ-ಸಂಕೇತ ಆರಿಸಿ ಉಳಿಸಿ, ಇಲ್ಲದಿದ್ದರೆ ನಮ್ಮ ಅಕ್ಷರಗಳ ಜಾಗದಲ್ಲಿ ಪ್ರಶ್ನೆಚಿಹ್ನೆ ಸಾಲು ನಿಲ್ಲುತ್ತವೆ.

ಸಮಯ ಓಡುತ್ತಿದೆ, ಹಬ್ಬದ ರಾತ್ರಿಯ ನಾಲ್ಕು ಮಾತು ಬೇಗ ಹೇಳಿಬಿಡುತ್ತೇನೆ.

ಬೇರೆ ಬೇರೆ ದೇಶದವರು ಒಟ್ಟಿಗೆ ನೋಡುವುದಾದರೆ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಲೆಕ್ಕದಲ್ಲಿ, ಹೇಳಿ. ನೇರಪ್ರಸಾರದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಹತ್ತಾರು ಸೆಕೆಂಡು ಅಂತರ ಬೀಳುತ್ತದೆ, ನಾಯಕಿ ಬದುಕಿದಳೋ ಇಲ್ಲವೋ ನಿಮ್ಮ ಪರದೆಗಿಂತ ಮೊದಲು ಚಾಟಿನಲ್ಲಿ ಗೊತ್ತಾಗುತ್ತದೆ. ಎಲ್ಲರೂ ಮೊದಲೇ ಇಳಿಸಿಕೊಂಡ ಫೈಲನ್ನು ಸೊನ್ನೆ ಸೆಕೆಂಡಿಗೆ ನಿಲ್ಲಿಸಿಟ್ಟು, ಒಬ್ಬರು ಮೂರು-ಎರಡು-ಒಂದು ಎಣಿಸಿದ ಮೇಲೆ ಒಟ್ಟಿಗೆ ಒತ್ತಬೇಕು. ಎಲ್ಲರದ್ದೂ ಅದೇ ಫೈಲಾಗಿರಲಿ. 24 ಫ್ರೇಮಿನದ್ದನ್ನು ಯಾರೋ 25ರ ವೇಗಕ್ಕೆ ತಿರುಗಿಸಿದ್ದರೆ ಹತ್ತು ನಿಮಿಷದ ಕಂತು 9 ನಿಮಿಷ 36 ಸೆಕೆಂಡಿಗೇ ಮುಗಿಯುತ್ತದೆ. ನೋಡಿ, ಇಲ್ಲೂ ಮೊದಲು ಕಾಪಿಯೇ!

ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ. ಎರಡೆರಡು ಫ್ರೇಮಿಗೆ ಒಂದು ಚಿತ್ರ ಎಂದು ಕಲಾವಿದರು ಲೆಕ್ಕ ಹಾಕಿ ಬಿಡಿಸಿದ್ದರ ನಡುವೆ ಟಿವಿ ತನ್ನದೇ ಚಿತ್ರ ತುರುಕುತ್ತದೆ, ಬಾಹ್ಯಾಕಾಶ ಹಡಗಿನ ಅಂಚು ಅಂಟಂಟಾಗಿ ಕರಗಿದಂತೆ ಕಾಣುತ್ತದೆ. ಬ್ಲೂಟೂತ್ ಸ್ಪೀಕರ್ ಬೇಡ, ತಂತಿ ಹಾಕಿ. ಬ್ಲೂಟೂತಿನಲ್ಲಿ ಧ್ವನಿ ತಡವಾಗಿ ಬರುತ್ತದೆ, ತುಟಿ ಮುಚ್ಚಿದ ಮೇಲೆ ಮಾತು ಕೇಳುತ್ತದೆ. ಎಲ್ಲವನ್ನೂ ಹಿಂದಿನ ದಿನವೇ ಓಡಿಸಿ ನೋಡಿ.

ಟಿಕೆಟ್ಟು, ವಸೂಲಿ ಖಂಡಿತ ಬೇಡ. ಕಥಾಜಗತ್ತು ಬೇರೆಯವರದ್ದಾಗಿದ್ದರೆ ಹಣದ ವಿಷಯ ಬಂದಲ್ಲೇ ತಂಡಕ್ಕೆ ತೊಂದರೆ ಶುರುವಾಗುತ್ತದೆ. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ವೈಜ್ಞಾನಿಕ ಸರಣಿಯ ಹಕ್ಕುದಾರರು 2016ರಲ್ಲಿ ಅಭಿಮಾನಿ ಚಿತ್ರಗಳಿಗೆ ನಿಯಮ ಹೊರಡಿಸಿದಾಗ ಒಂದು ಕಥೆಗೆ 15 ನಿಮಿಷ, ಎರಡು ಭಾಗವಾದರೆ ಒಟ್ಟು 30 ನಿಮಿಷ ಎಂದು ಅಳತೆಯನ್ನೂ ಕಟ್ಟಿದರು, ಹಣ ಸಂಗ್ರಹಕ್ಕೂ ಮಿತಿ ಹಾಕಿದರು.

ಕೊನೆಯದಾಗಿ ಹೆಸರುಪಟ್ಟಿ. ಕಡಿಮೆ ಗುಣಮಟ್ಟದ ಕಾಪಿಯಲ್ಲಿ ಮೊದಲು ಓದಲಾಗದೆ ಹೋಗುವುದು ಆ ಸಣ್ಣ ಅಕ್ಷರಗಳೇ. ಧ್ವನಿ ಕೊಟ್ಟವರು, ಹಿನ್ನೆಲೆ ಬಿಡಿಸಿದವರು, ಸದ್ದು ಜೋಡಿಸಿದವರು, ಎಲ್ಲರ ಹೆಸರನ್ನೂ ಸರಣಿಯಲ್ಲಿ ಇದ್ದ ಹಾಗೆಯೇ ಒಂದು ಪಠ್ಯ ಫೈಲಿಗೆ ಟೈಪ್ ಮಾಡಿ, ಆಯಾ ಕಂತಿನ ಪಕ್ಕದಲ್ಲೇ ಇಡಿ. ಕೊನೆಯ ಕಂತು ಓಡುವ ರಾತ್ರಿ ಸ್ವಿಚ್ಚಿನ ಹತ್ತಿರ ಒಬ್ಬರನ್ನು ಕೂರಿಸಿ. ಪಟ್ಟಿಯ ಕೊನೆಯ ಹೆಸರು ಪರದೆ ದಾಟುವವರೆಗೂ ಅವರು ದೀಪ ಹಾಕಬಾರದು.

ನಮಸ್ಕಾರ.